ಕೆಸರಿನ ಚಡಾವಿನಲ್ಲಿ ಯಾವ ಬಟನ್? ಟ್ರ್ಯಾಕ್ಷನ್ ಕಂಟ್ರೋಲ್, ಸ್ಪೋರ್ಟ್ ಮೋಡ್ ಬಳಸುವ ಹೊತ್ತು

ಆಟಿ ತಿಂಗಳ ಮಳೆ. ಡಾಮರು ರಸ್ತೆಯಿಂದ ತೋಟದ ಮನೆಗೆ ಇಳಿಯುವ ಮಣ್ಣಿನ ದಾರಿ. ಇಳಿಯುವಾಗ ಏನೂ ತೊಂದರೆ ಕೊಡದ ಕಾರು ವಾಪಸು ಹತ್ತುವಾಗ ಅರ್ಧ ಚಡಾವಿನಲ್ಲಿ ನಿಂತುಬಿಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಅಬ್ಬರಿಸುವುದಿಲ್ಲ, ಉಸಿರು ಕಟ್ಟಿದ ಹಾಗೆ ಮಂಕಾಗುತ್ತದೆ. ಮೀಟರಿನಲ್ಲಿ ಜಾರುವ ಕಾರಿನ ಹಳದಿ ಚಿತ್ರ ಮಿಣುಕುತ್ತದೆ. ಅಂಗಳದಲ್ಲಿ ನಿಂತವರಲ್ಲಿ ಒಬ್ಬರು "ಸ್ಪೋರ್ಟಿಗೆ ಹಾಕಿ ಮಾರಾಯ್ರೆ" ಎನ್ನುತ್ತಾರೆ, ಇನ್ನೊಬ್ಬರು "ಆ ಟಿಸಿ ಆಫ್ ಮಾಡಿ ನೋಡಿ" ಎನ್ನುತ್ತಾರೆ.

ಎರಡನೆಯವರು ಹೇಳಿದ್ದು ಸರಿ. ಮೊದಲನೆಯವರ ಮಾತು ಕೇಳಿದರೆ ಚಕ್ರ ಇನ್ನೂ ಒಂದು ಗೇಣು ಹೂತುಹೋಗುತ್ತದೆ.

ಗೇರ್ ಲಿವರಿನ ಹತ್ತಿರ ಅಕ್ಕಪಕ್ಕದಲ್ಲೇ ಕೂತಿರುವ ಈ ಎರಡು ಬಟನ್‌ಗಳೂ "ಕಾರಿಗೆ ಜೋರು ಕೊಡುವ" ಬಟನ್‌ಗಳು ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಹಾಗಲ್ಲ. ಎರಡರಲ್ಲಿ ಯಾವುದೂ ಎಂಜಿನಿನ ಶಕ್ತಿಯನ್ನು ಒಂದು ಕುದುರೆಯಷ್ಟೂ ಹೆಚ್ಚಿಸುವುದಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್, ಅಂದರೆ ಟಿಸಿ, ಇರುವುದು ಟಯರಿಗೆ ತಾಳಲಾರದಷ್ಟು ಬಲ ಹೋಗದಂತೆ ತಡೆಯಲು. ಸ್ಪೋರ್ಟ್ ಮೋಡ್, ಅಂದರೆ ಕೆಲವು ಕಾರುಗಳಲ್ಲಿ ಪರ್ಫಾರ್ಮೆನ್ಸ್ ಶಿಫ್ಟ್ ಎಂದು, ಕೆಲವದರಲ್ಲಿ ಬರೀ ಎಸ್ ಎಂದು ಬರೆದಿರುವುದು, ಇರುವ ಬಲವನ್ನೇ ಬೇಗ ಕೈಗೆ ಸಿಗುವಂತೆ ಮಾಡಲು. ಒಂದು ತಡೆಯುತ್ತದೆ, ಒಂದು ಅವಸರ ಮಾಡುತ್ತದೆ. ಯಾವುದು ಬೇಕು ಎಂದು ಹೇಳುವುದು ಚಕ್ರದ ಕೆಳಗಿರುವ ನೆಲ.

ಬಲಕ್ಕೆ ಬರವಿಲ್ಲ, ಹಿಡಿತಕ್ಕೆ ಬರ

ಒಂದು ಲೆಕ್ಕ ಹಾಕಿ ನೋಡೋಣ. 1.2 ಲೀಟರಿನ ಸಾಮಾನ್ಯ ಪೆಟ್ರೋಲ್ ಕಾರು, ಜನ ಸಾಮಾನು ಸೇರಿ 1100 ಕಿಲೋ, ಮುಂದಿನ ಚಕ್ರಗಳಿಗೆ ಚಾಲನೆ. ಎಂಜಿನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 110 ನ್ಯೂಟನ್ ಮೀಟರ್. ಒಂದನೇ ಗೇರಿನಲ್ಲಿ ಗೇರ್‌ಬಾಕ್ಸ್, ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಎರಡೂ ಸೇರಿ ಅದನ್ನು ಸುಮಾರು 14 ಪಟ್ಟು ಮಾಡುತ್ತವೆ. ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಘರ್ಷಣೆಯ ನಷ್ಟ ಕಳೆದು ನೆಲದ ಮೇಲೆ ಬೀಳುವ ತಳ್ಳುಬಲ 450ರಿಂದ 500 ಕಿಲೋ ತೂಕದಷ್ಟು.

ಇನ್ನು ದಾರಿಯ ಕಡೆ ನೋಡಿ. ಹತ್ತು ಅಡಿಗೆ ಒಂದಡಿ ಏರುವ ಚಡಾವು. ಏರಲು ಮಾತ್ರ ಬೇಕಾದದ್ದು 1100ರ ಹತ್ತನೇ ಒಂದು, ಅಂದರೆ 110 ಕಿಲೋ. ಕೆಸರು ಚಕ್ರವನ್ನು ಹಿಡಿದು ಎಳೆಯುವುದಕ್ಕೆ ಇನ್ನೊಂದು 35 ಸೇರಿಸಿ. ಒಟ್ಟು 145. ಎಂಜಿನಿನ ಹತ್ತಿರ ಅದರ ಮೂರು ಪಟ್ಟು ಇದೆ.

ಆದರೆ ಆ ಬಲವನ್ನು ನೆಲಕ್ಕೆ ದಾಟಿಸಬೇಕಾದದ್ದು ಮುಂದಿನ ಎರಡು ಟಯರುಗಳು. ಸಮತಟ್ಟಿನಲ್ಲಿ ಅವುಗಳ ಮೇಲೆ 600 ಕಿಲೋ ಭಾರ. ಚಡಾವಿನಲ್ಲಿ ಭಾರ ಹಿಂದಕ್ಕೆ ಸರಿದು 575ರ ಆಸುಪಾಸಿಗೆ ಬರುತ್ತದೆ. ಒಣ ಡಾಮರಿನಲ್ಲಿ ಟಯರು ತನ್ನ ಮೇಲಿನ ಭಾರದ ಸುಮಾರು 80 ಶೇಕಡಾ ಬಲವನ್ನು ದಾಟಿಸುತ್ತದೆ, ಒದ್ದೆ ಡಾಮರಿನಲ್ಲಿ 50ರ ಹತ್ತಿರ, ನೆನೆದ ಜೇಡಿಮಣ್ಣಿನಲ್ಲಿ 25 ಸಿಕ್ಕಿದರೆ ಪುಣ್ಯ. 575ರ ಕಾಲು ಭಾಗ 144. ಬೇಕಾದದ್ದು 145! ಒಂದು ಕಿಲೋ ಕೊರತೆಗೆ ಕಾರು ನಿಂತಿದೆ. ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿಯಲ್ಲಿ ಅಡಿಕೆ ಗೋಣಿ ಇದ್ದರೆ ಮುಂದಿನ ಚಕ್ರದ ಪಾಲು ಇನ್ನೂ ಕಡಿಮೆ.

ಇದೇ ಲೆಕ್ಕದಲ್ಲಿ ಒಂದು ಉಪಾಯವೂ ಅಡಗಿದೆ. ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿದರೆ ಚಾಲನೆಯ ಚಕ್ರಗಳು ಇಳಿಜಾರಿನ ಕೆಳಬದಿಗೆ ಬರುತ್ತವೆ, ಅವುಗಳ ಮೇಲಿನ ಭಾರ 625ಕ್ಕೆ ಏರುತ್ತದೆ, ಹಿಡಿತ 156 ಕಿಲೋ ಆಗುತ್ತದೆ. ಮುಂದಕ್ಕೆ ಹತ್ತದ ಕಾರು ಹಿಂದಕ್ಕೆ ಹತ್ತುವುದು ಇದರಿಂದಲೇ. ಬದಿಯಲ್ಲಿ ಕಣಿ ಇದ್ದರೆ, ಹಿಂದೆ ನೋಡಿ ದಾರಿ ಹೇಳುವವರು ಇಲ್ಲದಿದ್ದರೆ ಮಾತ್ರ ಈ ಸಾಹಸ ಬೇಡ.

ಟ್ರ್ಯಾಕ್ಷನ್ ಕಂಟ್ರೋಲ್ ಒಳಗೆ ನಡೆಯುವುದೇನು

ಡಿಫರೆನ್ಷಿಯಲ್ ಎಂಬ ಗೇರುಗಳ ಗುಂಪಿಗೆ ಒಂದು ಹುಟ್ಟುಗುಣವಿದೆ: ಎರಡೂ ಚಕ್ರಗಳಿಗೆ ಸಮಬಲವನ್ನೇ ಕೊಡುತ್ತದೆ. ಎಡಗಾಲಿ ಕೆಸರಿನಲ್ಲಿ, ಬಲಗಾಲಿ ಗಟ್ಟಿ ಮುರಕಲ್ಲಿನ ಮೇಲೆ ಇದ್ದರೆ, ಬಲಗಾಲಿಗೂ ಸಿಗುವುದು ಕೆಸರಿನ ಗಾಲಿ ತಾಳುವಷ್ಟೇ. ಮಿಕ್ಕಿದ್ದೆಲ್ಲ ಕೆಸರಿನ ಗಾಲಿಯನ್ನು ಗರಗರ ತಿರುಗಿಸಲು ಹೋಗುತ್ತದೆ.

ಟ್ರ್ಯಾಕ್ಷನ್ ಕಂಟ್ರೋಲ್ ಇದನ್ನು ಎಬಿಎಸ್‌ನ, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ವ್ಯವಸ್ಥೆಯ, ಸೆನ್ಸರುಗಳಿಂದಲೇ ಕಂಡುಹಿಡಿಯುತ್ತದೆ. ನಾಲ್ಕು ಚಕ್ರಗಳ ವೇಗವನ್ನು ಸೆಕೆಂಡಿಗೆ ಹಲವಾರು ಸಲ ಹೋಲಿಸಿ, ಯಾವುದಾದರೂ ಒಂದು ಮಿತಿಮೀರಿ ಓಡಿದರೆ ಎರಡು ಕೆಲಸ ಮಾಡುತ್ತದೆ. ಒಂದು, ಆ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಬ್ರೇಕ್ ಕೂಡ ಡಿಫರೆನ್ಷಿಯಲ್ ಪಾಲಿಗೆ ಹಿಡಿತವೇ ಆದ್ದರಿಂದ ಅಷ್ಟೇ ಬಲ ಆಚೆ ಚಕ್ರಕ್ಕೂ ಸಿಗುತ್ತದೆ. ಎರಡು, ಥ್ರಾಟಲ್ ಮುಚ್ಚಿ, ಇಗ್ನಿಷನ್ನಿನ ಕಿಡಿಯನ್ನು ತಡಮಾಡಿ ಎಂಜಿನಿನ ಬಲ ಇಳಿಸುತ್ತದೆ. ಮೊದಲನೆಯದು ಕೆಸರಿನಲ್ಲೂ ಉಪಕಾರಿ. ಚಡಾವಿನಲ್ಲಿ ಉಸಿರು ಕಟ್ಟಿಸುವುದು ಎರಡನೆಯದು.

ಇದರ ಅಣ್ಣ ಇಎಸ್‌ಪಿ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಬಂತು, 1995ರಲ್ಲಿ ಇಎಸ್‌ಪಿಯೂ ಅದೇ ದಾರಿಯಲ್ಲಿ ಬಂತು. ಸ್ಟೀರಿಂಗ್ ಎತ್ತ ತಿರುಗಿದೆ, ಕಾರು ಎತ್ತ ತಿರುಗುತ್ತಿದೆ ಎಂದು ಹೋಲಿಸಿ, ಎರಡೂ ಹೊಂದದಿದ್ದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುವುದು ಇಎಸ್‌ಪಿಯ ಕೆಲಸ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದ ಮೇಲೆ ಚಕ್ರದ ಸೆನ್ಸರುಗಳು ಎಲ್ಲ ಕಾರಿಗೂ ಬಂದವು. ಟ್ರ್ಯಾಕ್ಷನ್ ಕಂಟ್ರೋಲಿಗೆ ಅದರ ಮೇಲೆ ಬೇಕಾದದ್ದು ಬ್ರೇಕ್ ಪೆಡಲ್ ಒತ್ತದೆಯೂ ಒತ್ತಡ ಕಟ್ಟಬಲ್ಲ ಕೆಲವು ವಾಲ್ವ್‌ಗಳು ಮತ್ತು ಸಾಫ್ಟ್‌ವೇರ್.

ಎರಡಕ್ಕೂ ಸೇರಿ ಇರುವುದು ಹೆಚ್ಚಾಗಿ ಒಂದೇ ಬಟನ್. ಹಲವು ಕಾರುಗಳಲ್ಲಿ ಒಮ್ಮೆ ಒತ್ತಿ ಬಿಟ್ಟರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ಆಫ್. ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಇಎಸ್‌ಪಿಯೂ ಆಫ್. ತೋಟದ ದಾರಿಗೆ ಮೊದಲನೆಯದು ಸಾಕು. ಎರಡನೆಯದರ ಅಗತ್ಯ ಬೀಳುವುದು ತೀರಾ ಅಪರೂಪ, ಡಾಮರಿನಲ್ಲಂತೂ ಬೇಡವೇ ಬೇಡ. ಕಾರು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲವೂ ತಾನಾಗಿ ಆನ್ ಆಗುತ್ತದೆ. ಕೆಸರಿನಲ್ಲಿ ಎಂಜಿನ್ ನಿಂತುಹೋಗಿ ಪುನಃ ಸ್ಟಾರ್ಟ್ ಮಾಡಿದವರು ಬಟನ್ ಇನ್ನೊಮ್ಮೆ ಒತ್ತಲು ಮರೆಯುವುದು ಮಾಮೂಲು.

ಹೂತ ಕಾರನ್ನು ಎಬ್ಬಿಸುವ ಕ್ರಮ

ಮೊದಲು ಕೈಬ್ರೇಕ್ ಎಳೆದು ಇಳಿಯಿರಿ, ಎಷ್ಟು ಹೂತಿದೆ ನೋಡಿ. ಕಾರಿನ ಹೊಟ್ಟೆ ಮಣ್ಣಿಗೆ ತಾಗಿದ್ದರೆ ಯಾವ ಬಟನ್ನೂ ಪ್ರಯೋಜನಕ್ಕೆ ಬಾರದು. ಹಾರೆ, ಜ್ಯಾಕ್, ಇಲ್ಲವೇ ಎಳೆಯಲು ಇನ್ನೊಂದು ಗಾಡಿ. ತಾಗಿರದಿದ್ದರೆ ಹಿಂದಿನ ಸೀಟಿನವರನ್ನು ಇಳಿಸಿ, ಡಿಕ್ಕಿಯ ಭಾರ ತೆಗೆಯಿರಿ.

ಚಕ್ರದ ಮುಂದೆ ಹಿಂದೆ ಒಂದಡಿ ಕೆಸರು ಬಗೆದು ತೆಂಗಿನ ಸಿಪ್ಪೆಯನ್ನು ನಾರು ಮೇಲೆ ಬರುವಂತೆ ಒತ್ತಾಗಿ ಹಾಸಿ. ಮುರಕಲ್ಲಿನ ಚೂರು ಇದ್ದರೆ ಇನ್ನೂ ಒಳ್ಳೆಯದು. ಕೈಗೆ ಸಿಕ್ಕಿತೆಂದು ಅಡಿಕೆ ಹಾಳೆ ಹಾಕುವವರಿದ್ದಾರೆ. ಮಕ್ಕಳು ಕೂತು ಎಳೆಸಿಕೊಂಡು ಆಡುವುದು ಅದರ ಮೇಲೆಯೇ ಎಂಬುದು ನೆನಪಾದರೆ ಅದನ್ನು ಟಯರಿನ ಅಡಿಗೆ ಕೊಡುವ ಮನಸ್ಸಾಗದು. ಒದ್ದೆ ಹಾಳೆ ಜಾರುತ್ತದೆ, ಸಿಕ್ಕಿದ ರಭಸಕ್ಕೆ ಹಿಂದೆ ನಿಂತವರ ಮೊಣಕಾಲಿಗೂ ಹಾರುತ್ತದೆ.

ಸ್ಟೀರಿಂಗ್ ನೆಟ್ಟಗೆ ಮಾಡಿ. ಟಿಸಿ ಆಫ್. ಸ್ಪೋರ್ಟ್ ಇದ್ದರೆ ತೆಗೆದು ನಾರ್ಮಲ್‌ಗೆ ಅಥವಾ ಇಕೋಗೆ ತನ್ನಿ; ಅದರಲ್ಲಿ ಆಕ್ಸಿಲರೇಟರ್ ಮೆತ್ತಗಿರುತ್ತದೆ, ಕಾಲು ಒಂದಿಷ್ಟು ಅಲುಗಿದರೂ ಬಲ ಒಮ್ಮೆಲೇ ನುಗ್ಗುವುದಿಲ್ಲ. ಮ್ಯಾನುವಲ್ ಗೇರಾದರೆ ಎರಡನೇ ಗೇರಿನಲ್ಲಿ ಹೊರಡಲು ನೋಡಿ. ಆಟೋಮ್ಯಾಟಿಕ್‌ನಲ್ಲಿ ಗೇರ್ ನಾವೇ ಆರಿಸುವ ಎಂ ಸ್ಥಾನಕ್ಕೆ ತಂದು 2 ಕೊಡಿ, ಕಾರು ಒಪ್ಪಿದರೆ. ಎರಡನೇ ಗೇರಿನಲ್ಲಿ ಚಕ್ರಕ್ಕೆ ಹೋಗುವ ಬಲ ಒಂದನೆಯದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು; ಮೇಲಿನ ಲೆಕ್ಕದ ಪ್ರಕಾರ ಅದು ಕೂಡ ಬೇಕಾದ್ದಕ್ಕಿಂತ ಜಾಸ್ತಿಯೇ.

ಈಗ ಮುಂದೆ ಒಂದಡಿ, ಹಿಂದೆ ಒಂದಡಿ, ತೊಟ್ಟಿಲು ತೂಗಿದ ಹಾಗೆ. ಕಾರು ಪೂರ್ತಿ ನಿಂತ ಮೇಲೆಯೇ ಡಿಯಿಂದ (ಮುಂದಕ್ಕೆ) ಆರ್‌ಗೆ (ರಿವರ್ಸ್) ಹೋಗಬೇಕು. ಚಕ್ರ ಸ್ವಲ್ಪ ಜಾರಿದರೆ ಜಾರಲಿ, ಅದು ಕೆಸರಿನ ಮೇಲ್ಪದರ ಕಿತ್ತು ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ, ಟಯರಿನ ಗೆರೆಗಳಲ್ಲಿ ಮೆತ್ತಿದ ಮಣ್ಣನ್ನೂ ಎಸೆಯುತ್ತದೆ. ಟಿಸಿ ಆಫ್ ಮಾಡುವುದು ಇಷ್ಟಕ್ಕಾಗಿ. ಆದರೆ ಮೀಟರಿನ ಮುಳ್ಳು 20 ದಾಟಬಾರದು. ಒಂದೇ ಚಕ್ರ ತಿರುಗುತ್ತಿದ್ದಾಗ, ಗೇರ್‌ಬಾಕ್ಸಿನಿಂದ ವೇಗ ಅಳೆಯುವ ಕಾರಿನಲ್ಲಿ ಮೀಟರು 40 ತೋರಿಸಿದರೆ ಆ ಚಕ್ರ ನಿಜಕ್ಕೂ 80ರಲ್ಲಿ ಸುತ್ತುತ್ತಿರುತ್ತದೆ. ಅಷ್ಟು ವೇಗದ ಚಕ್ರ ಒಮ್ಮೆಲೇ ಕಲ್ಲು ಕಚ್ಚಿದರೆ ಡ್ರೈವ್ ಶಾಫ್ಟಿನ ಜಾಯಿಂಟಿಗೆ, ಸಿವಿಟಿ (ಗೇರಿನ ಬದಲು ಬೆಲ್ಟಿನ ಆಟೋಮ್ಯಾಟಿಕ್) ಕಾರಾದರೆ ಅದರ ಬೆಲ್ಟಿಗೆ ಸುತ್ತಿಗೆಯ ಹೊಡೆತ.

ನಾಲ್ಕೈದು ಸಲ ತೂಗಿದರೂ ಬಾರದಿದ್ದರೆ ನಿಲ್ಲಿಸಿ. ಎಎಂಟಿಯಲ್ಲೂ (ಮ್ಯಾನುವಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ ಆಟೋಮ್ಯಾಟಿಕ್) ಒಣ ಕ್ಲಚ್ಚಿನ ಡಿಸಿಟಿಯಲ್ಲೂ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಇಷ್ಟರಲ್ಲಿ ಕ್ಲಚ್ ಕಾದಿರುತ್ತದೆ. ಸುಟ್ಟ ವಾಸನೆ ಬಂದರೆ ಹದಿನೈದು ನಿಮಿಷ ಬಿಡುವು ಕೊಡಿ, ಅಷ್ಟರಲ್ಲಿ ಇನ್ನಷ್ಟು ಸಿಪ್ಪೆ ತರಬಹುದು. ತಿರುಗುವ ಚಕ್ರದ ನೇರಕ್ಕೆ ಯಾರೂ ನಿಲ್ಲಬಾರದು.

ಹಳೆ ಜೀಪು ಓಡಿಸಿದವರು "ಕೈಬ್ರೇಕ್ ಅರ್ಧ ಎಳೆದು ಆಕ್ಸಿಲರೇಟರ್ ಕೊಡಿ, ಎರಡೂ ಗಾಲಿ ತಿರುಗುತ್ತದೆ" ಎಂದು ಹೇಳುವುದುಂಟು. ಹಿಂದಿನ ಚಕ್ರಗಳಿಗೇ ಚಾಲನೆಯೂ ಕೈಬ್ರೇಕೂ ಇದ್ದ ಗಾಡಿಯಲ್ಲಿ ಅದು ನಿಜ, ಟ್ರ್ಯಾಕ್ಷನ್ ಕಂಟ್ರೋಲಿನ ಬ್ರೇಕ್ ಮಾಡುವುದನ್ನೇ ಕೈಯಲ್ಲಿ ಮಾಡಿದಂತೆ. ಈಗಿನ ಮುಂಚಾಲನೆಯ ಕಾರಿನಲ್ಲಿ ಕೈಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ. ಎಳೆದರೆ ಲಂಗರು ಹಾಕಿದ ಹಾಗೆ.

ಒಂದು ಚಕ್ರ ಮಾತ್ರ ಗಾಳಿಯಲ್ಲಿದ್ದು ಇನ್ನೊಂದು ಗಟ್ಟಿ ನೆಲದ ಮೇಲಿದ್ದರೆ ಲೆಕ್ಕ ತಿರುಗುಮುರುಗು. ಆಗ ಟಿಸಿ ಆನ್ ಇರಲಿ, ಆಕ್ಸಿಲರೇಟರನ್ನು ಹದವಾಗಿ ಒತ್ತಿ ಹಿಡಿದು ಎರಡು ಮೂರು ಸೆಕೆಂಡು ಕಾಯಿರಿ. ಟರ್ ಟರ್ ಎಂಬ ಸದ್ದು ಬರುತ್ತದೆ, ಬ್ರೇಕ್ ಆಚೆ ಚಕ್ರಕ್ಕೆ ಬಲ ದಾಟಿಸುತ್ತಿದೆ ಎಂದರ್ಥ. ಹೆದರಿ ಕಾಲು ತೆಗೆದರೆ ಆ ಕೆಲಸವೂ ನಿಲ್ಲುತ್ತದೆ. ತುಂಬಾ ಹೊತ್ತು ಮುಂದುವರಿಸಿದರೆ ಬ್ರೇಕ್ ಬಿಸಿಯಾಗಿ ವ್ಯವಸ್ಥೆ ತಾನೇ ಸ್ವಲ್ಪ ಹೊತ್ತು ರಜೆ ಹಾಕುತ್ತದೆ. ಸ್ನೋ, ಮಡ್, ಸ್ಯಾಂಡ್ ಎಂಬ ಆಯ್ಕೆಗಳಿರುವ ಕಾರಾದರೆ ಆಫ್ ಮಾಡುವ ಬದಲು ಮಡ್‌ಗೆ ಹಾಕುವುದು ಮೇಲು. ಅದರಲ್ಲಿ ಎಂಜಿನ್ ಕತ್ತರಿಸುವುದು ತಡವಾಗುತ್ತದೆ, ಬ್ರೇಕಿನ ಸಹಾಯ ಉಳಿಯುತ್ತದೆ.

ಹೊಯ್ಗೆಯ ಕಥೆ ಚಿಕ್ಕದು. ಮಂಜೇಶ್ವರದ ಕಣ್ವತೀರ್ಥದಿಂದ ಬೇಕಲದ ವರೆಗೆ ನಮ್ಮ ಕಾಸರಗೋಡಿನ ಕಡಲ ಬದಿಯ ಸಡಿಲ ಹೊಯ್ಗೆಗೆ ಕಾರು ಇಳಿಸದಿರುವುದೇ ಲೇಸು. ಇಳಿಸಿ ಸಿಕ್ಕಿಬಿದ್ದರೆ ಟಿಸಿ ಆಫ್ ಮಾಡಿ, ಟಯರಿನ ಗಾಳಿಯನ್ನು 32ರಿಂದ 20 ಪಿಎಸ್‌ಐಗೆ ಇಳಿಸಿ, ಮೆಲ್ಲನೆ ಹೊರಡಿ. ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಿ, ಮನೆಗೆ ಹೋಗಿ ಕಾರಿನ ಅಡಿಭಾಗಕ್ಕೆ ಸಿಹಿನೀರು ಬಿಡಿ. ಕಣ್ಣೂರಿನ ಮುಳಪ್ಪಿಲಂಗಾಡ್ ತೀರದ ಹೊಯ್ಗೆ ಗಟ್ಟಿ, ಅಲ್ಲಿ ಏನನ್ನೂ ಆಫ್ ಮಾಡಬೇಕಾಗಿಲ್ಲ.

ಒದ್ದೆ ಡಾಮರಿನಲ್ಲಿ ಕೈ ಹಚ್ಚಬೇಡಿ

ಬೇಸಗೆಯ ಕೊನೆಗೆ ಬೀಳುವ ಮೊದಲ ಮಳೆ ಆಟಿಯ ಮಳೆಗಿಂತ ಅಪಾಯ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು, ಟಯರಿನ ಹುಡಿ ನೀರಿನೊಂದಿಗೆ ಸೇರಿ ಸಾಬೂನಿನ ಹಾಗಾಗುತ್ತದೆ. ಟಿಪ್ಪರುಗಳು ಚೆಲ್ಲಿಹೋದ ಕೆಂಪು ಮಣ್ಣು ಇರುವಲ್ಲಿ ಕೇಳುವುದೇ ಬೇಡ. ಇಂಥಲ್ಲಿ ಟಿಸಿ, ಇಎಸ್‌ಪಿ ಎರಡೂ ಆನ್, ಸ್ಪೋರ್ಟ್ ಆಫ್, ಕ್ರೂಸ್ ಕಂಟ್ರೋಲ್ ಆಫ್.

ಸ್ಪೋರ್ಟ್ ಯಾಕೆ ಬೇಡ ಎಂದರೆ, ಅದರಲ್ಲಿ ಕಾರು ಕೆಳಗಿನ ಗೇರಿನಲ್ಲೇ ಉಳಿಯುತ್ತದೆ, ಚಕ್ರಕ್ಕೆ ಹೋಗುವ ಬಲ ಹೆಚ್ಚು, ಆಕ್ಸಿಲರೇಟರ್ ಚುರುಕು. ತಿರುವಿನ ನಡುವೆ ಗೇರ್‌ಬಾಕ್ಸ್ ಒಮ್ಮೆಲೇ ಗೇರ್ ಇಳಿಸಿದರೆ ಮುಂದಿನ ಚಕ್ರ ಜಾರಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಕೆಲವು ಕಾರುಗಳಲ್ಲಿ ಸ್ಪೋರ್ಟ್ ಹಾಕಿದ ಕೂಡಲೇ ಟ್ರ್ಯಾಕ್ಷನ್ ಕಂಟ್ರೋಲಿನ ಮಿತಿಯೂ ಸಡಿಲವಾಗುತ್ತದೆ, ಇದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬ್ಯಾಟರಿ ಕಾರಿನವರಿಗೆ ಇದು ಇನ್ನೂ ಹೆಚ್ಚು ಅನ್ವಯ: ಮೋಟಾರಿನ ಟಾರ್ಕ್ ಸೊನ್ನೆ ವೇಗದಲ್ಲೇ ಪೂರ್ತಿ ಸಿಗುವುದರಿಂದ ಸ್ಪೋರ್ಟ್‌ನಲ್ಲಿ ಒದ್ದೆ ಚಡಾವು ಹತ್ತಿದರೆ ಚಕ್ರ ಕಿರುಚುತ್ತದೆ. ರೀಜೆನ್ (ಕಾಲು ತೆಗೆದಾಗ ಮೋಟಾರೇ ಕಾರನ್ನು ಹಿಡಿದು ಬ್ಯಾಟರಿ ತುಂಬುವುದು) ಕೂಡ ಜೋರಿದ್ದರೆ ಕಾಲು ತೆಗೆದ ಕ್ಷಣಕ್ಕೆ ಜಾರಬಹುದು, ಮಳೆಗೆ ಕೆಳಗಿನ ಹಂತ ಸಾಕು.

ಆರು ಪಥದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೀರು ನಿಂತಿದ್ದರೆ ಟ್ರ್ಯಾಕ್ಷನ್ ಕಂಟ್ರೋಲಿಗೂ ಕೈಲಾಗದ ಒಂದು ಸ್ಥಿತಿ ಬರುತ್ತದೆ. ಟಯರು ನೀರನ್ನು ಬದಿಗೆ ತಳ್ಳಲಾರದೆ ಅದರ ಮೇಲೆ ತೇಲುವುದು. 32 ಪಿಎಸ್‌ಐ ಗಾಳಿಯ ಟಯರಿಗೆ ಇದು ಗಂಟೆಗೆ 90 ಕಿಲೋಮೀಟರಿನ ಆಸುಪಾಸಿನಲ್ಲಿ ಶುರು, ಗಾಳಿ ಕಡಿಮೆ ಇದ್ದರೆ, ಟಯರು ಸವೆದಿದ್ದರೆ ಅದಕ್ಕೂ ಮೊದಲೇ. ತೇಲುವ ಚಕ್ರಕ್ಕೆ ಬ್ರೇಕ್ ಹಾಕಿ ಫಲವೇನು? ಗೆರೆಯ ಆಳ 1.6 ಮಿಲಿಮೀಟರಿಗೆ ಬಂದರೆ ಟಯರು ಮುಗಿಯಿತು ಎಂದು ನಿಯಮ ಹೇಳುತ್ತದೆ. ನಮ್ಮ ಮಳೆಗೆ 3 ಮಿಲಿಮೀಟರ್ ಇರುವಾಗಲೇ ಬದಲಿಸುವುದು ಬುದ್ಧಿ.

ಸ್ಪೋರ್ಟ್ ಮೋಡಿಗೆ ತಕ್ಕ ಜಾಗ

ಒಣ ರಸ್ತೆ, ಎರಡೇ ಪಥ, ಮುಂದೊಂದು ಲಾರಿ. ಚೆರ್ಕಳದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ ಹೋಗುವವರಿಗೆ ದಿನವೂ ಸಿಗುವ ನೋಟ. ಡಿಯಲ್ಲಿ ನಿಧಾನ ಹೋಗುತ್ತಿರುವ ಆಟೋಮ್ಯಾಟಿಕ್ ಇಂಧನ ಉಳಿಸಲು ಮೇಲಿನ ಗೇರಿನಲ್ಲಿ 1500 ಆರ್‌ಪಿಎಂ ಹತ್ತಿರ ಇರುತ್ತದೆ. ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದರೆ ಗೇರ್ ಇಳಿದು ಎಳೆಯಲು ಒಂದು ಸೆಕೆಂಡು ಬೇಕು, ಎಎಂಟಿಗೆ ಅದಕ್ಕಿಂತಲೂ ಜಾಸ್ತಿ. 60ರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿನ ಬಸ್ಸೂ 60ರಲ್ಲಿ ಬರುತ್ತಿದ್ದರೆ ನಡುವಿನ ಅಂತರ 33 ಮೀಟರ್ ಕರಗಿತು.

ಹಾಗಾಗಿ ಸ್ಪೋರ್ಟ್ ಹಾಕುವ ಹೊತ್ತು ಆಚೆ ಪಥಕ್ಕೆ ಇಳಿದ ಮೇಲಲ್ಲ, ಲಾರಿಯ ಹಿಂದೆ ಕಾಯುತ್ತಿರುವಾಗಲೇ. ಗೇರ್ ಇಳಿದು ಮುಳ್ಳು 2500, 3000ಕ್ಕೆ ಏರುವುದನ್ನು ನೋಡಿ ಆಮೇಲೆ ಹೊರಡಿ. ಎಎಂಟಿಯಲ್ಲಿ ಇನ್ನೂ ಖಚಿತವಾದ ದಾರಿ, ಎಂಗೆ ತಂದು ಮೂರನೇ ಗೇರ್ ನೀವೇ ಕೊಡುವುದು. ದಾಟಿದ ಮೇಲೆ ಮತ್ತೆ ಡಿ. ಊರಿನೊಳಗೆ ಸ್ಪೋರ್ಟ್‌ನಲ್ಲೇ ಬಿಟ್ಟು ಓಡಿಸಿದರೆ ಆಗುವುದು ಸದ್ದು, ಕುಲುಕಾಟ, ಪೆಟ್ರೋಲಿನ ಖರ್ಚು.

ಘಾಟಿ ಹತ್ತುವಾಗ ಬಾಕ್ಸ್ ಮೂರಕ್ಕೆ ಏರಿ, ಬಲ ಸಾಲದೆ ಎರಡಕ್ಕೆ ಇಳಿದು, ಮತ್ತೆ ಏರಿ ಗೊಂದಲ ಮಾಡಿಕೊಳ್ಳುವುದುಂಟು. ಸಂಪಾಜೆ ಘಾಟಿಯಲ್ಲಿ, ಪಾಣತ್ತೂರಿನಿಂದ ಭಾಗಮಂಡಲದ ಕಡೆಗೆ ಹತ್ತುವಲ್ಲಿ ಸ್ಪೋರ್ಟ್ ಹಾಕಿದರೆ ಈ ಗೊಂದಲ ನಿಲ್ಲುತ್ತದೆ, ಬಾಕ್ಸಿನ ಎಣ್ಣೆಯೂ ಅಷ್ಟು ಕಾಯುವುದಿಲ್ಲ. ಇಳಿಯುವಾಗ ಅದಕ್ಕಿಂತ ಮುಖ್ಯ. ಡಿಯಲ್ಲಿ ಕಾಲು ತೆಗೆದರೆ ಕೆಲವು ಬಾಕ್ಸ್‌ಗಳು ಮೇಲಿನ ಗೇರಿಗೆ ಹೋಗಿಬಿಡುತ್ತವೆ, ಎಂಜಿನ್ ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಎಂಗೆ ತಂದು 2 ಅಥವಾ 3 ಕೊಡಿ. ಸಿವಿಟಿಯಲ್ಲಿ ಎಲ್ ಅಥವಾ ಎಸ್, ಹೈಬ್ರಿಡ್‌ನಲ್ಲಿ ಬಿ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆ ಡ್ರೈವರುಗಳ ಲೆಕ್ಕ ಇಲ್ಲೂ ಸರಿಹೊಂದುತ್ತದೆ. ಪಾಚಿಗಟ್ಟಿದ ಇಳಿಜಾರಿನಲ್ಲಿ ಮಾತ್ರ ನಡುದಾರಿಯಲ್ಲಿ ಒಂದನೇ ಗೇರಿಗೆ ಬಡಿಯಬೇಡಿ, ಎಂಜಿನ್ ಹಿಡಿಯುವುದು ಚಾಲನೆಯ ಎರಡು ಚಕ್ರಗಳನ್ನಷ್ಟೇ, ಅವು ಜಾರತೊಡಗುತ್ತವೆ. ಇಳಿಯುವ ಮೊದಲೇ ಗೇರ್ ಆರಿಸಿ.

ದೀಪ ಮಿಣುಕದೆ ನೆಟ್ಟಗೆ ಉರಿದರೆ

ಮಿಣುಕಿದರೆ ಕೆಲಸ ಮಾಡುತ್ತಿದೆ ಎಂದು, ಕೆಳಗೆ ಆಫ್ ಎಂಬ ಅಕ್ಷರವಿರುವ ದೀಪ ಉರಿದರೆ ನೀವೇ ಆಫ್ ಮಾಡಿದ್ದೀರಿ ಎಂದು. ಬಟನ್ ಮುಟ್ಟದೆ ಅದು ನೆಟ್ಟಗೆ ಉರಿದು ಜೊತೆಗೆ ಎಬಿಎಸ್ ದೀಪವೂ ಬಂದರೆ ಚಕ್ರದ ಸೆನ್ಸರಿನ ಕಡೆ ನೋಡಿ. ಕೆಸರು ದಾರಿಯಲ್ಲಿ ಹೋಗಿಬಂದ ಮರುದಿನ ಹೀಗಾದರೆ ಮೊದಲು ನಾಲ್ಕೂ ಚಕ್ರದ ಒಳಬದಿಗೆ ನೀರು ಹಾಯಿಸಿ, ಒಂದೆರಡು ಕಿಲೋಮೀಟರ್ ಓಡಿಸಿ ನೋಡಿ. ಕಡಲ ಬದಿಯ ಮನೆಗಳ ಕಾರಿನಲ್ಲಿ ಸೆನ್ಸರಿನ ಕನೆಕ್ಟರಿಗೆ ಹಸಿರು ಕಿಲುಬು ಹತ್ತುವುದು ಸಾಮಾನ್ಯ. ಬ್ಯಾಟರಿ ಸೋತಿದ್ದರೂ ಈ ದೀಪಗಳು ಬರುತ್ತವೆ. ಮುಂದಿನ ಎರಡು ಟಯರುಗಳಲ್ಲಿ ಒಂದು ಹೊಸತು ಒಂದು ಸವೆದದ್ದು ಇದ್ದರೆ, ಅಥವಾ ಸಣ್ಣ ಗಾತ್ರದ ಸ್ಟೆಪ್ನಿ ಹಾಕಿದ್ದರೆ ಚಕ್ರದ ವೇಗ ತಾಳೆಯಾಗದೆ ಒಣ ರಸ್ತೆಯಲ್ಲೂ ಟಿಸಿ ಮಿಣುಕಬಹುದು. ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಇಎಸ್‌ಪಿ ದೀಪ ಬಂದರೆ ಸ್ಟೀರಿಂಗ್ ಸೆನ್ಸರಿಗೆ ಹೊಸ ಸೊನ್ನೆ ಬಿಂದು ಕಲಿಸಬೇಕು, ಅದು ಸ್ಕ್ಯಾನರ್ ಹಿಡಿದು ಐದು ನಿಮಿಷದಲ್ಲಿ ಆಗುವ ಕೆಲಸ.

ಇನ್ನು ತೋಟದ ಮನೆಗಳ ಖಾಯಂ ಅತಿಥಿ ಎಲಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿ ಬಂದು ಸೆನ್ಸರಿನ ವಯರು ಕಡಿಯುತ್ತದೆ. ಸೆನ್ಸರೇ ಹೋಯಿತೆಂದು ಪೂರ್ತಿ ಬದಲಿಸುವ ಮೊದಲು ಕಾರನ್ನು ಎತ್ತಿಸಿ, ಚಕ್ರದಿಂದ ಬಾಡಿಯೊಳಗೆ ಹೋಗುವ ವರೆಗೆ ವಯರಿನ ಉದ್ದಕ್ಕೂ ಬೆರಳು ಓಡಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ತುಂಡಾದಲ್ಲಿ ಬೆಸುಗೆ ಹಾಕಿ, ಶ್ರಿಂಕ್ ಸ್ಲೀವ್ ತೊಡಿಸಿ, ಎರಡೂ ತುದಿ ನೀರು ಹೋಗದಂತೆ ಮುಚ್ಚಬೇಕು. ಬರೀ ಟೇಪ್ ಸುತ್ತಿದರೆ ಮುಂದಿನ ಮಳೆಗೆ ದೀಪ ಮತ್ತೆ ಹತ್ತುತ್ತದೆ.